ಒಂದೇ ಸೈನ್ಯ, ಎರಡು ದೇಶ: ಸ್ಟೀಫನ್ ಕೊಹೆನ್ ಅವರ ಅಧ್ಯಯನದ ಹಾದಿ

1947ರ ಆಗಸ್ಟ್‌ನಲ್ಲಿ ಬ್ರಿಟಿಷ್ ಭಾರತದ ಆಸ್ತಿಪಾಸ್ತಿ ಹಂಚಿಕೆಯಾದಾಗ ಸೈನ್ಯವೂ ಹಂಚಿಕೆಯಾಯಿತು. ಮೂರರಲ್ಲಿ ಸುಮಾರು ಎರಡು ಪಾಲು ಭಾರತಕ್ಕೆ, ಒಂದು ಪಾಲು ಪಾಕಿಸ್ತಾನಕ್ಕೆ. ಎರಡೂ ಕಡೆಯ ಅಧಿಕಾರಿಗಳು ಒಂದೇ ಸ್ಯಾಂಡ್‌ಹರ್ಸ್ಟ್‌ನಲ್ಲಿ ಅಥವಾ ಒಂದೇ ಡೆಹ್ರಾಡೂನಿನಲ್ಲಿ ಕಲಿತವರು, ಒಂದೇ ಮೆಸ್ಸಿನಲ್ಲಿ ಉಂಡವರು, ಬರ್ಮಾದಲ್ಲೂ ಇಟಲಿಯಲ್ಲೂ ಹೆಗಲಿಗೆ ಹೆಗಲು ಕೊಟ್ಟು ಕಾದಿದವರು. ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ, 1958ರ ಅಕ್ಟೋಬರಿನಲ್ಲಿ, ಪಾಕಿಸ್ತಾನದ ಸೈನ್ಯ ಸರ್ಕಾರವನ್ನೇ ತನ್ನ ಕೈಗೆ ತೆಗೆದುಕೊಂಡಿತು. ಭಾರತದ ಸೈನ್ಯ ಇಂದಿನವರೆಗೂ ಆ ಕೆಲಸಕ್ಕೆ ಕೈ ಹಾಕಿಲ್ಲ. ಒಂದೇ ತಾಯಿಯ ಇಬ್ಬರು ಮಕ್ಕಳು ಇಷ್ಟು ಬೇರೆಯಾದದ್ದು ಹೇಗೆ?

ನಮ್ಮ ಕೂಟಗಳ ಊಟದ ಸಾಲಿನಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ಬಹಳ ಸುಲಭದ್ದು: ನಾವು ಒಳ್ಳೆಯವರು, ಅವರು ಕೆಟ್ಟವರು. ಪುಸ್ತಕಗಳಲ್ಲಿ ಸಿಗುತ್ತಿದ್ದ ಉತ್ತರವೂ ಬಹಳ ಕಾಲ ಅಷ್ಟೇನೂ ಉತ್ತಮವಾಗಿರಲಿಲ್ಲ. ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು ಐದು ದಶಕ ಬಿಡದೆ ಹಿಡಿದವರು ಸ್ಟೀಫನ್ ಫಿಲಿಪ್ ಕೊಹೆನ್ ಎಂಬ ಅಮೆರಿಕದ ರಾಜ್ಯಶಾಸ್ತ್ರಜ್ಞರು. 1936ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಅವರು 2019ರ ಅಕ್ಟೋಬರಿನಲ್ಲಿ ತೀರಿಕೊಂಡರು. ದಕ್ಷಿಣ ಏಷ್ಯಾದ ಸೈನ್ಯಗಳ ಬಗ್ಗೆ ಇಂದು ಅಮೆರಿಕದಲ್ಲಾಗಲಿ ದೆಹಲಿಯಲ್ಲಾಗಲಿ ಗಂಭೀರವಾಗಿ ಬರೆಯುವ ಯಾರೂ ಅವರನ್ನು ದಾಟದೆ ಮುಂದೆ ಹೋಗುವಂತಿಲ್ಲ. ಹಾಗಿದ್ದರೂ ಭಾರತೀಯ ಮೂಲದ ನಮ್ಮಲ್ಲಿ ಅವರ ಹೆಸರು ಕೇಳಿದವರು ಕಡಿಮೆ.

ಕೊಹೆನ್ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಓದಿ, ವಿಸ್ಕಾನ್ಸಿನ್‌ನಲ್ಲಿ ಪಿಎಚ್‌ಡಿ ಮಾಡಿದರು. ಅವರು ಭಾರತದ ಕಡೆ ತಿರುಗಿದ ಕಾಲದ ಬಗ್ಗೆ ಒಂದು ಮಾತು ಹೇಳಬೇಕು. ರಷ್ಯಾ ಸ್ಪುಟ್ನಿಕ್ ಹಾರಿಸಿದ ಮರುವರ್ಷ, 1958ರಲ್ಲಿ, ಅಮೆರಿಕ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆಯನ್ನು ತಂದು ವಿದೇಶಿ ಭಾಷೆ ಮತ್ತು ವಿದೇಶಿ ಪ್ರದೇಶಗಳ ಅಧ್ಯಯನಕ್ಕೆ ಹಣ ಸುರಿಯಿತು. ಭಾರತಕ್ಕೆ ಪಿಎಲ್ 480 ಯೋಜನೆಯಲ್ಲಿ ಮಾರಿದ ಗೋಧಿಗೆ ಬಂದ ರೂಪಾಯಿಗಳಿಂದ 1962ರ ನಂತರ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಇಲ್ಲಿಯ ವಿಶ್ವವಿದ್ಯಾಲಯಗಳಿಗೆ ಕಳುಹಿಸಲಾಯಿತು. ಇಲ್ಲಿನ ದೊಡ್ಡ ಗ್ರಂಥಾಲಯಗಳ ಕಪಾಟುಗಳಲ್ಲಿ ಹಳೆಯ ಕನ್ನಡ ಪುಸ್ತಕಗಳನ್ನು ಕಂಡು ಬೆರಗಾದವರು ನಮ್ಮಲ್ಲಿ ಅನೇಕರಿದ್ದಾರೆ. ಅವುಗಳಲ್ಲಿ ಬಹಳಷ್ಟು ಈ ಗೋಧಿಯ ಋಣದಿಂದ ಬಂದವು. ಕೊಹೆನ್ ಅವರ ತಲೆಮಾರಿನ ವಿದ್ವಾಂಸರೂ ಅದೇ ಅಲೆಯಲ್ಲಿ ಬಂದವರು. ಆದರೆ ಅವರಲ್ಲಿ ಹೆಚ್ಚಿನವರು ಆರಿಸಿಕೊಂಡದ್ದು ಹಳ್ಳಿ, ಜಾತಿ, ಪಕ್ಷ, ಚುನಾವಣೆ, ಧರ್ಮ. ಸೈನ್ಯವನ್ನು ಆರಿಸಿಕೊಂಡವರು ವಿರಳ.

ವಿರಳವಾಗಲು ಕಾರಣವಿತ್ತು. ಗಾಂಧಿಯ ನಾಡಿನಲ್ಲಿ ಸೈನ್ಯವೇನು ಮುಖ್ಯ ಎಂಬ ಭಾವನೆ ಒಂದು ಕಡೆ. ಸೈನ್ಯದ ಒಳಗಿನ ವಿಷಯ ಹೊರಗಿನವರಿಗೆ, ಅದರಲ್ಲೂ ವಿದೇಶಿಯರಿಗೆ, ಯಾರು ಹೇಳುತ್ತಾರೆ ಎಂಬ ಸಂಶಯ ಇನ್ನೊಂದು ಕಡೆ. ಸಂಶೋಧನೆಯ ದಿನಗಳಾದರೋ 1962ರ ಸೋಲಿನ ಗಾಯ ಇನ್ನೂ ಹಸಿಯಾಗಿದ್ದ ಅರವತ್ತರ ದಶಕ. ಕೊಹೆನ್ ರಹಸ್ಯಗಳ ಹಿಂದೆ ಹೋಗಲಿಲ್ಲ. ಎಷ್ಟು ಟ್ಯಾಂಕ್, ಎಷ್ಟು ವಿಮಾನ ಎಂದು ಎಣಿಸುತ್ತಲೂ ಕೂರಲಿಲ್ಲ. ಅವರು ಕೇಳಿದ್ದು ಸಮಾಜಶಾಸ್ತ್ರದ ಪ್ರಶ್ನೆಗಳನ್ನು. ಈ ಅಧಿಕಾರಿ ಯಾವ ಮನೆಯಿಂದ ಬಂದವನು? ಎಲ್ಲಿ ಓದಿದ? ಬಡ್ತಿ ಹೇಗೆ ಸಿಗುತ್ತದೆ? ರಾಜಕಾರಣಿಗಳ ಬಗ್ಗೆ ಮೆಸ್ಸಿನಲ್ಲಿ ಏನು ಮಾತಾಡಿಕೊಳ್ಳುತ್ತಾರೆ? ಯಾವ ಜಾತಿಯವರನ್ನು ಸೇರಿಸಿಕೊಂಡರು, ಯಾರನ್ನು ಬಿಟ್ಟರು? ಈ ಪ್ರಶ್ನೆಗಳಿಂದ ಹುಟ್ಟಿದ್ದು 1971ರಲ್ಲಿ ಪ್ರಕಟವಾದ 'ದಿ ಇಂಡಿಯನ್ ಆರ್ಮಿ'. ನಂತರ ಅವರು ಬರೆದದ್ದಕ್ಕೆಲ್ಲ ಬುನಾದಿ ಇದೇ ಪುಸ್ತಕ.

ಯಾರನ್ನು ಬಿಟ್ಟರು ಎಂಬ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಮೊದಲು ನೋಡೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷರು 'ಯೋಧ ಜನಾಂಗ' ಎಂಬ ಸಿದ್ಧಾಂತವನ್ನು ಗಟ್ಟಿ ಮಾಡಿಕೊಂಡರು. ಪಂಜಾಬಿಗಳು, ಪಠಾಣರು, ಗೂರ್ಖರು ಹುಟ್ಟಾ ಯೋಧರು. ದಕ್ಷಿಣದವರು, 'ಕೆಳಜಾತಿ'ಯವರು ಅಲ್ಲ ಎಂಬುದು ಅದರ ಸಾರ. ಮದರಾಸು ಸೈನ್ಯದ ಪದಾತಿ ದಳಗಳು ಒಂದೊಂದಾಗಿ ಕರಗಿದವು. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಮದ್ರಾಸ್ ಸ್ಯಾಪರ್ಸ್ ಉಳಿದುಕೊಂಡದ್ದು ದೊಡ್ಡ ಅಪವಾದ. 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯದಿಂದ ಹೀನಾಯವಾಗಿ ಸೋತವರ ಮೊಮ್ಮಕ್ಕಳೇ ನೂರು ವರ್ಷದ ನಂತರ ದಕ್ಷಿಣದವರಿಗೆ ಕಾದಾಡಲು ಬರುವುದಿಲ್ಲ ಎಂದದ್ದು ಸೋಜಿಗ. 1918ರಲ್ಲಿ ಮೈಸೂರು ಲ್ಯಾನ್ಸರ್ಸ್ ಜೋಧಪುರದವರ ಜೊತೆ ಹೈಫಾ ನಗರವನ್ನು ಗೆದ್ದಾಗಲೂ ಆ ಸಿದ್ಧಾಂತ ಅಲುಗಾಡಲಿಲ್ಲ.

ಇದರ ಅತ್ಯಂತ ಕಹಿಯಾದ ಫಲ ಉಂಡವರು ಮಹಾರರು. ಬೊಂಬಾಯಿ ಸೈನ್ಯದಲ್ಲಿ ತಲೆತಲಾಂತರದಿಂದ ದುಡಿದಿದ್ದ, 1818ರ ಕೋರೆಗಾಂವ್ ಕಾಳಗದ ಸ್ಮಾರಕದಲ್ಲಿ ಹೆಸರು ಕೆತ್ತಿಸಿಕೊಂಡ ಈ ಜನರಿಗೆ 1890ರ ದಶಕದ ಮೊದಲಲ್ಲಿ ಸೈನ್ಯದ ಬಾಗಿಲು ಮುಚ್ಚಿತು. ಸೈನ್ಯದಲ್ಲಿ ಸುಬೇದಾರರಾಗಿದ್ದು ಅಲ್ಲಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ರಾಮ್‌ಜಿ ಸಕ್ಪಾಲರ ಮಗನೇ 1891ರಲ್ಲಿ ಮಹೂ ದಂಡುಪ್ರದೇಶದಲ್ಲಿ ಹುಟ್ಟಿದ ಅಂಬೇಡ್ಕರ್. ಕೊಹೆನ್ 1969ರಲ್ಲಿ ಬರೆದ 'ಅಸ್ಪೃಶ್ಯ ಸೈನಿಕ' ಎಂಬ ಲೇಖನ ಈ ಕಥೆಯನ್ನು ವಿವರವಾಗಿ ಹೇಳುತ್ತದೆ. ಸಂಬಳ, ಪಿಂಚಣಿ, ಮಕ್ಕಳಿಗೆ ಅಕ್ಷರ, ಮೈಮೇಲೆ ಸಮವಸ್ತ್ರ. ಊರಿನಲ್ಲಿ ಸಿಗದ ಇವೆಲ್ಲ ಸೈನ್ಯದಲ್ಲಿ ಸಿಗುತ್ತಿದ್ದವು. ಅದನ್ನು ಕಿತ್ತುಕೊಂಡಾಗ ನಿವೃತ್ತ ಸೈನಿಕರು ಸರ್ಕಾರಕ್ಕೆ ಬರೆದ ಮನವಿಗಳು ಮಹಾರಾಷ್ಟ್ರದ ದಲಿತ ರಾಜಕಾರಣದ ಮೊದಲ ದಾಖಲೆಗಳ ಸಾಲಿಗೆ ಸೇರುತ್ತವೆ. ಮೊದಲ ಮಹಾಯುದ್ಧದಲ್ಲಿ ಅಗತ್ಯ ಬಿದ್ದಾಗ ಒಂದು ಮಹಾರ್ ದಳ ಕಟ್ಟಿ, ಯುದ್ಧ ಮುಗಿದೊಡನೆ ಅದನ್ನು ಇಲ್ಲವಾಗಿಸಿದರು. ಮಹಾರ್ ರೆಜಿಮೆಂಟ್ ನೆಲೆಯಾಗಿ ನಿಂತದ್ದು 1941ರಲ್ಲಿ. ರಕ್ಷಣಾ ನೀತಿ ಎಂದರೆ ಗಡಿ, ಕ್ಷಿಪಣಿ ಎಂದುಕೊಂಡವರಿಗೆ ಈ ಲೇಖನ ಬೇರೆಯದೇ ಪಾಠ. ಕೊಹೆನ್ ಬರೆದದ್ದರಲ್ಲೆಲ್ಲ ನನಗೆ ಅತಿ ಹೆಚ್ಚು ಬಾಳುವಂತೆ ಕಾಣುವುದು ಇದೇ.

ಇನ್ನು ಅಧಿಕಾರಿಗಳ ವಿಷಯ. ಇಲ್ಲಿ ಕೊಡಗಿನ ಇಬ್ಬರು ಬರುತ್ತಾರೆ. ಕೊಡಂದೇರ ಕಾರ್ಯಪ್ಪ 1919ರಲ್ಲಿ ಇಂದೋರಿನ ಕೆಡೆಟ್ ಕಾಲೇಜಿನಿಂದ ರಾಜನ ಕಮಿಷನ್ ಪಡೆದ ಮೊದಲ ತಂಡದವರು. ಕೊಡಂದೇರ ತಿಮ್ಮಯ್ಯ 1926ರಲ್ಲಿ ಸ್ಯಾಂಡ್‌ಹರ್ಸ್ಟ್‌ನಿಂದ ಹೊರಬಂದವರು. ಆಗಿನ ಭಾರತೀಯ ಅಧಿಕಾರಿಗಳ ಪಾಡು ವಿಚಿತ್ರವಾದದ್ದು. ಬ್ರಿಟಿಷ್ ಅಧಿಕಾರಿಯೊಬ್ಬ ಭಾರತೀಯನ ಕೈಕೆಳಗೆ ಕೆಲಸ ಮಾಡುವ ಪ್ರಸಂಗ ಬರಬಾರದೆಂದು 1923ರಲ್ಲಿ ಭಾರತೀಯರನ್ನು ಎಂಟೇ ಎಂಟು ದಳಗಳಿಗೆ ಸೀಮಿತಗೊಳಿಸುವ ಯೋಜನೆ ಬಂತು. ಅವಮಾನ ಸಹಿಸಿಕೊಂಡು ವೃತ್ತಿನಿಷ್ಠೆಯನ್ನು ಮಾತ್ರ ನೂರಕ್ಕೆ ನೂರು ಕಲಿತ ಈ ಪೀಳಿಗೆ ರಾಜಕೀಯದಿಂದ ದೂರ ನಿಂತಿತು. ಅತ್ತ ಸ್ವಾತಂತ್ರ್ಯ ಚಳವಳಿಗೂ ಸೇರದೆ, ಇತ್ತ ಇಂಗ್ಲಿಷರ ಕ್ಲಬ್ಬಿಗೂ ಪೂರ್ತಿ ಸಲ್ಲದೆ, ನಡುವೆ ನಿಂತವರು.

ಅಮೆರಿಕದ ರಾಜ್ಯಶಾಸ್ತ್ರದಲ್ಲಿ ಆಗ ಚಲಾವಣೆಯಲ್ಲಿದ್ದದ್ದು ಸ್ಯಾಮ್ಯುಯೆಲ್ ಹಂಟಿಂಗ್‌ಟನ್ ಅವರು 1957ರಲ್ಲಿ ಮಂಡಿಸಿದ ವಾದ. ಸೈನಿಕ ವೃತ್ತಿಪರನಾದಷ್ಟೂ ರಾಜಕೀಯದಿಂದ ದೂರ ಉಳಿಯುತ್ತಾನೆ ಎಂಬುದು ಅದರ ತಿರುಳು. ಭಾರತ ಮತ್ತು ಪಾಕಿಸ್ತಾನವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಆ ವಾದ ಕುಂಟುತ್ತದೆ. ಎರಡೂ ಕಡೆಯ ಅಧಿಕಾರಿಗಳಿಗೆ ಸಿಕ್ಕಿದ್ದು ಅದೇ ಶಿಕ್ಷಣ, ಅದೇ ವೃತ್ತಿಪರತೆ. ಕಾರ್ಯಪ್ಪನವರ ಕೈಕೆಳಗೆ ಒಂದು ಕಾಲಕ್ಕೆ ಕೆಲಸ ಮಾಡಿದ್ದ ಅಯೂಬ್ ಖಾನರೇ ಮುಂದೆ ಪಾಕಿಸ್ತಾನದ ಸರ್ವಾಧಿಕಾರಿಯಾದರು. 1965ರ ಯುದ್ಧದಲ್ಲಿ ಕಾರ್ಯಪ್ಪನವರ ಮಗ ವಿಮಾನ ಉರುಳಿ ಪಾಕಿಸ್ತಾನದಲ್ಲಿ ಸೆರೆಯಾದಾಗ, ಅವರನ್ನು ಬಿಡುಗಡೆ ಮಾಡಲು ಅಯೂಬ್ ಮುಂದಾದದ್ದೂ ತಂದೆ ಒಪ್ಪದಿದ್ದದ್ದೂ ಕೊಡಗಿನಲ್ಲಿ ಇಂದಿಗೂ ಮನೆಮಾತು. ಇಬ್ಬರ ಶಿಷ್ಟಾಚಾರವೂ ಒಂದೇ ಮೆಸ್ಸಿನದು. ಹಾಗಾದರೆ ಬೇರೆಯಾದದ್ದು ಸೈನ್ಯದೊಳಗಿನ ವೃತ್ತಿಧರ್ಮವಲ್ಲ, ಅದರ ಸುತ್ತಲಿನ ರಾಜಕೀಯ.

ಪಾಕಿಸ್ತಾನದಲ್ಲಿ ಜಿನ್ನಾ 1948ರಲ್ಲೇ ಹೋದರು, ಲಿಯಾಕತ್ ಅಲಿ 1951ರಲ್ಲಿ ಗುಂಡಿಗೆ ಬಲಿಯಾದರು, ಸಂವಿಧಾನ ಬರಲು 1956 ಆಯಿತು, ಮುಸ್ಲಿಂ ಲೀಗ್ ಊರೂರಿನಲ್ಲಿ ಬೇರು ಬಿಟ್ಟ ಪಕ್ಷವಾಗಲೇ ಇಲ್ಲ. ಭಾರತದಲ್ಲಿ ಕಾಂಗ್ರೆಸ್ ಇತ್ತು, 1952ರ ಹೊತ್ತಿಗೆ ಚುನಾವಣೆ ನಡೆದಿತ್ತು, ನೆಹರು ಸೈನ್ಯವನ್ನು ಬೇಕೆಂದೇ ಒಂದು ಮೆಟ್ಟಿಲು ಕೆಳಗಿಟ್ಟರು. ದೆಹಲಿಯಲ್ಲಿ ಬ್ರಿಟಿಷ್ ಕಮಾಂಡರ್-ಇನ್-ಚೀಫ್ ವಾಸಿಸುತ್ತಿದ್ದ ಭವ್ಯ ಬಂಗಲೆಯೇ ತೀನ್ ಮೂರ್ತಿ ಭವನವಾಗಿ ಪ್ರಧಾನಿಯ ಮನೆಯಾಯಿತು. 1955ರಲ್ಲಿ ಆ ಪದವಿಯ ಹೆಸರೂ ಹೋಯಿತು. ಕಾರ್ಯಪ್ಪನವರೂ ನಿವೃತ್ತಿಯ ನಂತರ ರಾಜಕೀಯದ ಆಸೆ ಪಟ್ಟರು. ಆದರೆ 1971ರಲ್ಲಿ ಮತಪೆಟ್ಟಿಗೆಯ ಮುಂದೆ ನಿಂತರು, ಸೋತರು, ಮಡಿಕೇರಿಗೆ ಮರಳಿದರು.

ಇಷ್ಟರಿಂದ ಭಾರತದ ವ್ಯವಸ್ಥೆ ಸುಗಮವಾಗಿತ್ತೆಂದು ತಿಳಿಯಬಾರದು. ಕೊಹೆನ್ ಮತ್ತೆ ಮತ್ತೆ ಮರಳುವ ಒಂದು ಹಳೆಯ ಜಗಳವಿದೆ. 1905ರಲ್ಲಿ ವೈಸ್‌ರಾಯ್ ಕರ್ಜನ್ ಮತ್ತು ಸೇನಾಧಿಪತಿ ಕಿಚನರ್ ನಡುವೆ, ಸೈನ್ಯದ ವಿಷಯದಲ್ಲಿ ಸರ್ಕಾರಕ್ಕೆ ಸಲಹೆ ಕೊಡುವವರು ಯಾರು ಎಂಬ ಬಗ್ಗೆ ತಿಕ್ಕಾಟವಾಯಿತು. ಸೇನಾಧಿಪತಿಯ ಮಾತೊಂದೇ ಸಾಕೇ, ಅದನ್ನು ತೂಗಿ ನೋಡುವ ಇನ್ನೊಬ್ಬ ಬೇಕೇ? ಲಂಡನ್ ಕಿಚನರ್ ಪರ ವಾಲಿತು, ಕರ್ಜನ್ ರಾಜೀನಾಮೆ ಕೊಟ್ಟು ಹೋದರು. 1959ರ ಆಗಸ್ಟ್ 31ರಂದು ಸೇನಾ ಮುಖ್ಯಸ್ಥ ತಿಮ್ಮಯ್ಯನವರು ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರ ರೀತಿಯಿಂದ ಬೇಸತ್ತು ರಾಜೀನಾಮೆ ಬರೆದಾಗ ಅದೇ ಪ್ರಶ್ನೆ ಬೇರೆ ವೇಷದಲ್ಲಿ ಬಂದಿತ್ತು. ನೆಹರು ಮಾತು ಕೇಳಿ ಅವರು ಅದನ್ನು ಹಿಂತೆಗೆದುಕೊಂಡರು. ಆಮೇಲೆ ಸಂಸತ್ತಿನಲ್ಲಿ ನೆಹರು ಆಡಿದ ಮಾತು ಮಾತ್ರ ತಿಮ್ಮಯ್ಯನವರಿಗೆ ನ್ಯಾಯ ಮಾಡಲಿಲ್ಲ. ಮೂರು ವರ್ಷದ ನಂತರ ಹಿಮಾಲಯದಲ್ಲಿ ಆದದ್ದು ಎಲ್ಲರಿಗೂ ಗೊತ್ತು. ಸೈನ್ಯವನ್ನು ಹತೋಟಿಯಲ್ಲಿ ಇಡುವುದು ಒಂದು, ಸೈನ್ಯದ ಮಾತನ್ನು ಕೇಳುವುದು ಇನ್ನೊಂದು. ಮೊದಲನೆಯದರಲ್ಲಿ ಭಾರತ ಗೆದ್ದಿತು, ಅದಕ್ಕೆ ಎರಡನೆಯದರಲ್ಲಿ ಬೆಲೆ ತೆತ್ತಿತು.

1965ರಿಂದ 1998ರವರೆಗೆ ಕೊಹೆನ್ ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್‌ನಲ್ಲಿ ಪಾಠ ಮಾಡಿದರು. ಜೋಳದ ಹೊಲಗಳ ನಡುವಿನ ಆ ಊರಿನಲ್ಲಿ 1978ರಲ್ಲಿ ಭೌತವಿಜ್ಞಾನಿಗಳನ್ನೂ ಸಮಾಜವಿಜ್ಞಾನಿಗಳನ್ನೂ ಒಂದೇ ಮೇಜಿಗೆ ಕೂರಿಸುವ ಶಸ್ತ್ರನಿಯಂತ್ರಣ ಅಧ್ಯಯನ ಕೇಂದ್ರವೊಂದನ್ನು ಕಟ್ಟುವುದರಲ್ಲಿ ಅವರ ಪಾಲಿತ್ತು. ಸುಮಿತ್ ಗಂಗೂಲಿ, ಕಾಂತಿ ಬಾಜಪೇಯಿ ಮೊದಲಾಗಿ ಇಂದು ಈ ಕ್ಷೇತ್ರದಲ್ಲಿ ಹೆಸರಾದ ಹಲವರು ಅಲ್ಲಿ ಪಿಎಚ್‌ಡಿ ಮಾಡಿದವರು. ಇಂಜಿನಿಯರಿಂಗಿಗೆಂದು ಅದೇ ಶಾಂಪೇನ್‌ಗೆ ಬಂದ ಕನ್ನಡದ ಹುಡುಗ ಹುಡುಗಿಯರ ಸಂಖ್ಯೆ ದೊಡ್ಡದು. ಕ್ಯಾಂಪಸ್ಸಿನ ಇನ್ನೊಂದು ಮೂಲೆಯಲ್ಲಿ ನಮ್ಮದೇ ಉಪಖಂಡದ ಯುದ್ಧ ಮತ್ತು ಶಾಂತಿಯ ಪಾಠ ನಡೆಯುತ್ತಿತ್ತೆಂದು ಅವರಲ್ಲಿ ಎಷ್ಟು ಜನರಿಗೆ ತಿಳಿದಿತ್ತೋ!

1984ರಲ್ಲಿ ಬಂದ 'ದಿ ಪಾಕಿಸ್ತಾನ್ ಆರ್ಮಿ' ಮೊದಲ ಪುಸ್ತಕದ ಜೋಡಿ. ಅಲ್ಲಿನ ಅಧಿಕಾರಿಗಳ ಜೊತೆ ದೀರ್ಘವಾಗಿ ಮಾತಾಡಿ ಅವರು ಗುರುತಿಸಿದ್ದು ಮೂರು ಪೀಳಿಗೆಗಳನ್ನು. ಬ್ರಿಟಿಷರ ಕೈಯಲ್ಲಿ ಪಳಗಿದವರು. ಐವತ್ತರ ದಶಕದ ಒಪ್ಪಂದದ ನಂತರ ಅಮೆರಿಕದ ಶಸ್ತ್ರ, ಅಮೆರಿಕದ ತರಬೇತಿಯಲ್ಲಿ ಬೆಳೆದವರು. 1965ರಲ್ಲಿ ಅಮೆರಿಕ ಶಸ್ತ್ರ ಪೂರೈಕೆ ನಿಲ್ಲಿಸಿದ ಮೇಲೆ ಸೇರಿದ, 1971ರ ಸೋಲನ್ನು ಹೊತ್ತ, ಹೊರಗಿನ ಲೋಕವನ್ನು ಅಷ್ಟಾಗಿ ಕಾಣದ ಅಪ್ಪಟ ಪಾಕಿಸ್ತಾನಿಗಳು. ಜಿಯಾ ಕಾಲದ ಧಾರ್ಮಿಕತೆಯನ್ನು ಬರೀ ಜಿಯಾ ಅವರ ಹುಚ್ಚು ಎನ್ನದೆ, ಮಧ್ಯಮವರ್ಗದ ಮನೆಗಳಿಂದ ಬಂದ ಈ ಹೊಸ ಅಧಿಕಾರಿಗಳ ಹಿನ್ನೆಲೆಯಲ್ಲಿ ನೋಡಲು ಈ ವಿಂಗಡಣೆ ದಾರಿ ಮಾಡಿಕೊಟ್ಟಿತು. ನಲವತ್ತು ವರ್ಷದ ನಂತರವೂ ಅದನ್ನು ಬಳಸುತ್ತಲೇ ಇದ್ದಾರೆ.

1985ರಿಂದ 87ರವರೆಗೆ ಕೊಹೆನ್ ವಿಶ್ವವಿದ್ಯಾಲಯದಿಂದ ರಜೆ ಪಡೆದು ಅಮೆರಿಕದ ವಿದೇಶಾಂಗ ಇಲಾಖೆಯ ನೀತಿ ಯೋಜನಾ ವಿಭಾಗದಲ್ಲಿದ್ದರು. ಅದೇ ಹೊತ್ತಿಗೆ ಭಾರತ ರಾಜಸ್ಥಾನದಲ್ಲಿ 'ಬ್ರಾಸ್‌ಟ್ಯಾಕ್ಸ್' ಎಂಬ ಬೃಹತ್ ಸೇನಾ ಕವಾಯತು ನಡೆಸಿತು. ಸೇನಾ ಮುಖ್ಯಸ್ಥರು ಜನರಲ್ ಸುಂದರ್‌ಜಿ. ಇದು ಕವಾಯತೋ ದಾಳಿಯ ಮುನ್ನುಡಿಯೋ ಎಂದು ಪಾಕಿಸ್ತಾನಕ್ಕೆ ಅನುಮಾನ. ಅದು ತನ್ನ ಮೀಸಲು ಪಡೆಗಳನ್ನು ಪಂಜಾಬಿನ ಎದುರಿಗೆ ಸರಿಸಿತು. ಪಂಜಾಬು ಆಗ ಉರಿಯುತ್ತಿತ್ತು. ಹಾಗಾಗಿ ಭಾರತಕ್ಕೆ ಅದು ದಾಳಿಯ ಸಿದ್ಧತೆಯಂತೆ ಕಂಡಿತು, 1987ರ ಜನವರಿಯಲ್ಲಿ ಸೈನಿಕರನ್ನು ವಿಮಾನದಲ್ಲಿ ಗಡಿಗೆ ಇಳಿಸಿತು. ಒಬ್ಬನ ಎಚ್ಚರಿಕೆ ಇನ್ನೊಬ್ಬನಿಗೆ ಬೆದರಿಕೆ. ಫೆಬ್ರವರಿಯಲ್ಲಿ ಮಾತುಕತೆಯಾಗಿ ಪಡೆಗಳು ಹಿಂದೆ ಸರಿದವು, ಜಿಯಾ ಕ್ರಿಕೆಟ್ ನೋಡಲು ಜೈಪುರಕ್ಕೆ ಬಂದರು, ಜನ ಮರೆತರು.

ಕೊಹೆನ್ ಮರೆಯಲಿಲ್ಲ. ಇಬ್ಬರು ಶಿಷ್ಯರಾದ ಬಾಜಪೇಯಿ, ಗಂಗೂಲಿ, ಭಾರತದ ಪಿ.ಆರ್. ಚಾರಿ, ಪಾಕಿಸ್ತಾನದ ಪರ್ವೇಜ್ ಇಕ್ಬಾಲ್ ಚೀಮಾ ಇವರನ್ನು ಕೂಡಿಸಿಕೊಂಡು ಆ ಕೆಲವು ತಿಂಗಳನ್ನು ಬಿಡಿಸಿ ನೋಡಿದರು. ಪುಸ್ತಕ 1995ರಲ್ಲಿ ಬಂತು. ಎರಡೂ ದೇಶದವರು ಒಂದೇ ಪುಸ್ತಕಕ್ಕೆ ಸಹಿ ಹಾಕಿದರೆಂಬುದೇ ಸಣ್ಣ ಮಾತಲ್ಲ. ಯುದ್ಧ ಬೇಡವೆಂದವರೂ ಯುದ್ಧದ ಅಂಚಿಗೆ ಹೇಗೆ ಬಂದು ನಿಲ್ಲುತ್ತಾರೆ ಎಂಬುದನ್ನು ಅದು ಹಂತಹಂತವಾಗಿ ತೋರಿಸುತ್ತದೆ. ಮುಂದೆ 2007ರಲ್ಲಿ ಚಾರಿ ಮತ್ತು ಚೀಮಾ ಅವರೊಂದಿಗೆ ಬ್ರಾಸ್‌ಟ್ಯಾಕ್ಸ್, 1990ರ ಬಿಕ್ಕಟ್ಟು, ಕಾರ್ಗಿಲ್, 2001-02ರ ಗಡಿ ಜಮಾವಣೆ ಈ ನಾಲ್ಕನ್ನೂ ಸೇರಿಸಿ ಇನ್ನೊಂದು ಪುಸ್ತಕ ಬರೆದರು. ಆ ಹೊತ್ತಿಗೆ ಇಬ್ಬರ ಬಳಿಯೂ ಅಣುಬಾಂಬಿತ್ತು. ಇಲ್ಲಿ ನಮ್ಮ ಮಕ್ಕಳು ಪಾಕಿಸ್ತಾನಿ ಮೂಲದ ಮಕ್ಕಳ ಪಕ್ಕ ಕೂತು ಓದುತ್ತಾರೆ; ಗಡಿಯಲ್ಲಿ ಗುಂಡು ಹಾರಿದ ದಿನ ಎರಡೂ ಮನೆಯ ಫೋನುಗಳಲ್ಲಿ ಎರಡು ಬೇರೆ ಸುದ್ದಿಗಳು ಬರುತ್ತವೆ. ಆ ಎರಡು ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದುವುದು ಹೇಗೆಂದು ತಿಳಿಯಬೇಕಾದರೆ ಈ ಎರಡು ಪುಸ್ತಕಗಳಷ್ಟು ಒಳ್ಳೆಯ ಪಾಠ ಬೇರೆ ಇಲ್ಲ.

1998ರಲ್ಲಿ, ಪೋಖ್ರಾನಿನ ಎರಡನೆಯ ಪರೀಕ್ಷೆ ನಡೆದ ವರ್ಷವೇ, ಅವರು ವಾಷಿಂಗ್ಟನ್ನಿನ ಬ್ರೂಕಿಂಗ್ಸ್ ಸಂಸ್ಥೆ ಸೇರಿದರು. 1978ರಲ್ಲಿ ರಿಚರ್ಡ್ ಪಾರ್ಕ್ ಜೊತೆ ಬರೆದ ಪುಸ್ತಕದ ಹೆಸರಿನಲ್ಲಿ ಭಾರತ ಉದಯಿಸುತ್ತಿರುವ ಶಕ್ತಿಯೇ ಎಂಬ ಪ್ರಶ್ನಾರ್ಥಕ ಚಿಹ್ನೆಯಿತ್ತು. 2001ರ ಪುಸ್ತಕದಲ್ಲಿ ಚಿಹ್ನೆ ಬಿದ್ದುಹೋಯಿತು. ಆದರೆ ಹೊಗಳಿಕೆ ಬಹಳ ದೂರ ಹೋಗಲಿಲ್ಲ. 2010ರಲ್ಲಿ ಸುನಿಲ್ ದಾಸ್‌ಗುಪ್ತ ಜೊತೆ ಬರೆದ 'ಆರ್ಮಿಂಗ್ ವಿದೌಟ್ ಏಮಿಂಗ್' ಬೆಂಗಳೂರಿಗರಿಗೆ ಚುಚ್ಚುವಂಥದು. ಗುರಿಯಿಲ್ಲದೆ ಶಸ್ತ್ರ ಕೂಡಿಹಾಕುವುದು ಎಂಬ ಆ ಹೆಸರೇ ಆರೋಪ. ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ಎಚ್‌ಎಎಲ್, ಬಿಇಎಲ್, ಡಿಆರ್‌ಡಿಓಗಳಲ್ಲಿ ಜೀವ ತೇದ ಅಪ್ಪಂದಿರು, ಮಾವಂದಿರು ಇದ್ದಾರೆ. 1983ರಲ್ಲಿ ಮಂಜೂರಾದ ಹಗುರ ಯುದ್ಧವಿಮಾನ ಮೊದಲು ಹಾರಿದ್ದು 2001ರ ಜನವರಿಯಲ್ಲಿ, ವಾಯುಪಡೆಯ ದಳವಾಗಿ ರೂಪುಗೊಂಡದ್ದು 2016ರಲ್ಲಿ. ಇದಕ್ಕೆ ಇಂಜಿನಿಯರುಗಳನ್ನಷ್ಟೇ ಬೈದು ಪ್ರಯೋಜನವಿಲ್ಲ. ಸಂಯಮವೇ ಭಾರತದ ಹಳೆಯ ನೀತಿ, ಯಾವ ಯುದ್ಧಕ್ಕೆ ಸಿದ್ಧರಾಗಬೇಕೆಂದು ರಾಜಕೀಯ ನಾಯಕತ್ವ ಹೇಳುವುದಿಲ್ಲ, ಹೀಗಾಗಿ ಭೂಸೇನೆ, ನೌಕಾಪಡೆ, ವಾಯುಪಡೆ ತಮ್ಮ ತಮ್ಮ ಪಟ್ಟಿ ಹಿಡಿದು ನಿಲ್ಲುತ್ತವೆ ಎಂಬುದು ಪುಸ್ತಕದ ವಾದ. ಆ ಸಂಯಮಕ್ಕೆ ತನ್ನದೇ ಬೆಲೆಯಿದೆ ಎಂಬುದನ್ನೂ ಲೇಖಕರು ಮರೆಮಾಚುವುದಿಲ್ಲ.

ಕೊರತೆಗಳೂ ಇವೆ. ಕೊಹೆನ್ ಅವರ ಲೋಕ ಬಹಳ ಮಟ್ಟಿಗೆ ಇಂಗ್ಲಿಷ್ ಬಲ್ಲ ಅಧಿಕಾರಿಗಳ, ದೆಹಲಿ ಮತ್ತು ಇಸ್ಲಾಮಾಬಾದಿನ ಲೋಕ. ಧಾರವಾಡ, ಬೆಳಗಾವಿಯ ಹಳ್ಳಿಯಿಂದ ಸೇರಿದ ಜವಾನ ಅಲ್ಲಿ ಅಪರೂಪ. ಅಸ್ಪೃಶ್ಯ ಸೈನಿಕನ ಲೇಖನದ ಕಣ್ಣು ನಂತರದ ಪುಸ್ತಕಗಳಲ್ಲಿ ಮಸುಕಾಯಿತು ಅನ್ನಿಸುತ್ತದೆ. ತಮ್ಮ ದೇಶದ ಸರ್ಕಾರಕ್ಕೂ ಸಲಹೆ ಕೊಟ್ಟವರಾದ್ದರಿಂದ ಅವರ ಮಾತನ್ನು ಅನುಮಾನದಿಂದ ಓದುವವರೂ ಇದ್ದಾರೆ. 2013ರ 'ಶೂಟಿಂಗ್ ಫಾರ್ ಎ ಸೆಂಚುರಿ'ಯಲ್ಲಿ ಅವರು ಈ ವೈರ 2047ಕ್ಕೆ ನೂರು ವರ್ಷ ತುಂಬಿಸುವ ಸಂಭವವೇ ಹೆಚ್ಚು ಎಂದು ಕಂಡರು. ಅದು ಎರಡು ದೇಶಗಳಿಗೂ ಹಿತವಾದ ಮಾತಲ್ಲ.

ಅವರು ತೀರಿಕೊಂಡ ಎರಡು ತಿಂಗಳಿಗೆ, 2020ರ ಜನವರಿ 1ರಂದು, ಭಾರತ ತನ್ನ ಮೊದಲ ರಕ್ಷಣಾ ಪಡೆಗಳ ಮುಖ್ಯಸ್ಥರನ್ನು ಕೂರಿಸಿತು. ಮೂರೂ ಪಡೆಗಳ ಪರವಾಗಿ ಸರ್ಕಾರದ ಜೊತೆ ಮಾತಾಡುವವರು ಯಾರು, ಅವರಿಗೂ ಮಂತ್ರಾಲಯದ ಕಾರ್ಯದರ್ಶಿಗೂ ನಡುವಿನ ಗೆರೆ ಎಲ್ಲಿ ಎಂಬ ಚರ್ಚೆ ಮತ್ತೆ ಶುರುವಾಯಿತು. ಅದು ಕರ್ಜನ್ ಮತ್ತು ಕಿಚನರ್ ಬಿಟ್ಟುಹೋದ ಜಗಳವೇ.

ಕಾಲೇಜಿಗೆ ಹೋಗುವ ಮಕ್ಕಳಲ್ಲಿ ಯಾರಿಗಾದರೂ ಆಸಕ್ತಿಯಿದ್ದರೆ 1971ರ ಪುಸ್ತಕ ವಿಶ್ವವಿದ್ಯಾಲಯಗಳ ಗ್ರಂಥಾಲಯದಲ್ಲಿ ಸಿಗುತ್ತದೆ. ಸೈನ್ಯದ ಸಂಘಟನೆಯ ವಿವರ ಬೇಸರ ತರುವವರು 1969ರ ಆ ಚಿಕ್ಕ ಲೇಖನದಿಂದಲೇ ಆರಂಭಿಸಬಹುದು. ರಜೆಗೆ ಊರಿಗೆ ಹೋದಾಗ ಮಡಿಕೇರಿಯ ಕಡೆ ಪ್ರಯಾಣವಿದ್ದರೆ, ತಿಮ್ಮಯ್ಯನವರು ಹುಟ್ಟಿ ಬೆಳೆದ ಮನೆ 'ಸನ್ನಿ ಸೈಡ್' ಈಗ ವಸ್ತುಸಂಗ್ರಹಾಲಯವಾಗಿದೆ. ಒಂದು ಗಂಟೆ ಕೈಯಲ್ಲಿಟ್ಟುಕೊಂಡು ಹೋಗಿ ಬನ್ನಿ.